ಮಾದಪ್ಪನ ಮಲೆಗೂ ಒಂದು ರಜ ಸೇವೆ

 

ದಣಿದು ಬಂದಿದ್ದೀರಿ. ತಿರುವು ತಿರುವಿಗೂ ಬಸ್ಸಿನ ಕಂಬಿ ಹಿಡಿದುಕೊಂಡು, ಮಡಿಲಲ್ಲಿ ಮಗು ಕೂರಿಸಿಕೊಂಡು, ಕೈಯಲ್ಲಿ ಹರಕೆಯ ಗಂಟು ಹಿಡಿದುಕೊಂಡು ಬಂದಿದ್ದೀರಿ. ದರ್ಶನವೂ ಆಯಿತು, ಪ್ರಸಾದವೂ ಆಯಿತು. ಈಗ ಎಲ್ಲಾದರೂ ನೆರಳಲ್ಲಿ ಕೂತು ಈ ಪುಟ್ಟ ಪುಸ್ತಕ ತೆರೆದಿದ್ದೀರಿ. ಒಂದೇ ಒಂದು ಮಾತು ಕೇಳ್ತೀನಿ. ನೀವು ಕೂತಿರುವ ಈ ನೆರಳು ಯಾರದು?

ಮರದ್ದು ಅಂತೀರಿ. ಸರಿ. ಮರ ಯಾರದು? ಮಾದಪ್ಪನದು ಅಂತೀರಿ. ಹಾಗಾದರೆ ಮಾದಪ್ಪನ ಮರಕ್ಕೆ, ಮಾದಪ್ಪನ ಮಲೆಗೆ ನಾವು ಏನು ಸೇವೆ ಮಾಡಿದ್ದೇವೆ? ಇವತ್ತಿನ ಮಾತು ಇದರ ಬಗ್ಗೆಯೇ.

ರಜ ಹೊಡೆಯುವುದು ಅಂದರೇನು?

ಈ ಕ್ಷೇತ್ರದಲ್ಲಿ ಸೇವೆಗಳಿಗೆ ಕಡಿಮೆಯಿಲ್ಲ. ಉರುಳು ಸೇವೆ ಇದೆ, ಪಂಜಿನ ಸೇವೆ ಇದೆ, ಹುಲಿವಾಹನ ಸೇವೆ ಇದೆ. ಇವುಗಳ ಜೊತೆಗೆ ಬಡವನೂ ಮಾಡಬಹುದಾದ, ಒಂದು ಕಾಸೂ ಖರ್ಚಿಲ್ಲದ ಸೇವೆ ಒಂದಿದೆ: ರಜ ಹೊಡೆಯುವ ಸೇವೆ. ರಜ ಅಂದರೆ ಧೂಳು, ಕಸ. ಹರಕೆ ಹೊತ್ತವರು ಸೊಪ್ಪುಕಡ್ಡಿಯ ಪೊರಕೆ ಹಿಡಿದು ಗುಡಿಯ ಸುತ್ತ ಬಗ್ಗಿ ಗುಡಿಸುತ್ತಾ ಹೋಗ್ತಾರೆ. ಊರಲ್ಲಿ ಯಜಮಾನ ಅನ್ನಿಸಿಕೊಂಡವನೂ ಇಲ್ಲಿ ಪೊರಕೆ ಹಿಡಿಯಲೇಬೇಕು.

ಇದರ ಒಳಗುಟ್ಟು ಏನು? ದೇವರಿಗೆ ನಾವು ಕೊಡುವಂಥದ್ದು ಏನೂ ಇಲ್ಲ. ಅವನು ಕೊಟ್ಟಿದ್ದನ್ನು ಅವನಿಗೇ ತೋರಿಸ್ತೀವಿ ಅಷ್ಟೆ. ಆದರೆ ಒಂದು ಕೆಲಸ ಮಾಡಬಹುದು. ನಮ್ಮ ಕಾಲಿಂದ ಅವನ ಅಂಗಳಕ್ಕೆ ಬಂದ ಧೂಳನ್ನು ನಮ್ಮ ಕೈಯಿಂದಲೇ ತೆಗೆಯಬಹುದು. ರಜ ಹೊಡೆಯುವುದು ಅಂದರೆ ಅದು. ಕೊಡುವ ಸೇವೆಯಲ್ಲ, ನಾವು ತಂದು ಹಾಕಿದ್ದನ್ನು ತೆಗೆಯುವ ಸೇವೆ.

ಈಗ ಯೋಚನೆ ಮಾಡಿ. ಮಾದಪ್ಪನ ಅಂಗಳ ಅಂದರೆ ಗುಡಿಯ ಸುತ್ತಲಿನ ಕಲ್ಲು ಹಾಸು ಮಾತ್ರವೇ? ಎಪ್ಪತ್ತೇಳು ಮಲೆ ಅಂತ ನಮ್ಮ ದೇವರಗುಡ್ಡರು ಕಂಸಾಳೆ ಹಿಡಿದು ಹೇಳ್ತಾ ಬಂದಿದ್ದಾರಲ್ಲ, ಆ ಎಪ್ಪತ್ತೇಳು ಮಲೆಯೂ ಅವನ ಅಂಗಳವೇ ತಾನೆ? ಅಲ್ಲಿಯ ರಜ ಹೊಡೆಯುವವರು ಯಾರು?

ಅಭಿಷೇಕದ ನೀರು ಎಲ್ಲಿಂದ ಬರುತ್ತೆ?

ದೀಪಾವಳಿಯಲ್ಲಿ ಇಲ್ಲಿಗೆ ಬಂದವರು ಹಾಲರವೆ ಉತ್ಸವ ನೋಡಿರುತ್ತೀರಿ. ಬೇಡಗಂಪಣರ ಮನೆತನದ 101 ಹೆಣ್ಣು ಮಕ್ಕಳು ಉಪವಾಸವಿದ್ದು, ಕಾಡಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದು, ಹಾಲಹಳ್ಳದಿಂದ ಕಳಸದಲ್ಲಿ ನೀರು ತುಂಬಿ ತಲೆಮೇಲೆ ಹೊತ್ತು ತರ್ತಾರೆ. ಆ ನೀರಿನಿಂದ ಸ್ವಾಮಿಗೆ ಅಭಿಷೇಕ. ನಲ್ಲಿ ನೀರಲ್ಲ, ಟ್ಯಾಂಕರ್ ನೀರಲ್ಲ. ಕಾಡಿನ ಹಳ್ಳದ ನೀರು.

ನಮ್ಮ ಹಿರಿಯರು ಈ ನೇಮವನ್ನು ಸುಮ್ಮನೆ ಇಟ್ಟರೇ? ಹಳ್ಳದಲ್ಲಿ ನೀರು ಇರಬೇಕಾದರೆ ಮಲೆಯಲ್ಲಿ ಕಾಡು ಇರಬೇಕು. ಮಳೆ ಬಿದ್ದಾಗ ಎಲೆ ತಡೆಯುತ್ತೆ, ತರಗು ಹೀರುತ್ತೆ, ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತೆ, ನೀರು ನಿಧಾನಕ್ಕೆ ಒಳಗಿಳಿದು ತಿಂಗಳುಗಟ್ಟಲೆ ಜಿನುಗುತ್ತೆ. ಬೋಳು ಗುಡ್ಡದ ಮೇಲೆ ಬಿದ್ದ ಮಳೆ ಒಂದೇ ದಿನದಲ್ಲಿ ಕೆಂಪಗೆ ಹರಿದು ಹೋಗುತ್ತೆ, ಜೊತೆಗೆ ಮಣ್ಣನ್ನೂ ಹೊತ್ತುಕೊಂಡು ಹೋಗುತ್ತೆ. ಕಾಡು ಕೆಟ್ಟರೆ ಹಳ್ಳ ಬತ್ತುತ್ತೆ. ಹಳ್ಳ ಬತ್ತಿದರೆ ಆ 101 ಮಕ್ಕಳು ಖಾಲಿ ಕಳಸ ಹೊತ್ತು ಬರಬೇಕಾಗುತ್ತೆ. ಅಂಥ ದಿನ ಬರಬಾರದು ಸ್ವಾಮಿ.

ಸರ್ಕಾರ 2013ರಲ್ಲಿ ಈ ಮಲೆಯ 906 ಚದರ ಕಿಲೋಮೀಟರ್ ಕಾಡನ್ನು ಮಲೆ ಮಹದೇಶ್ವರ ವನ್ಯಧಾಮ ಅಂತ ಘೋಷಣೆ ಮಾಡಿತು. ಹೆಸರಲ್ಲೇ ಸ್ವಾಮಿ ಇದ್ದಾನೆ. ಒಂದು ಪಕ್ಕಕ್ಕೆ ಕಾವೇರಿ ವನ್ಯಧಾಮ, ಇನ್ನೊಂದು ಪಕ್ಕಕ್ಕೆ ಬಿಳಿಗಿರಿರಂಗನ ಕಾಡು. ಆದರೆ ಗೆರೆ ಎಳೆದ ಮಾತ್ರಕ್ಕೆ ಕಾಡು ಗುಣವಾಗೋದಿಲ್ಲ. ಊರಿಗೂ ಕಾಡಿಗೂ ನಡುವೆ ಇರುವ ಅಂಚಿನ ಜಾಗ ಇದೆಯಲ್ಲ, ಸೌದೆಗೆ ಹೋಗುವ ಜಾಗ, ದನ ಮೇಯುವ ಜಾಗ, ಯಾತ್ರಿಕರು ಬುತ್ತಿ ಬಿಚ್ಚುವ ಜಾಗ, ಗಾಯ ಆಗಿರೋದು ಅಲ್ಲೇ. ಮೈಯಲ್ಲಿ ಮೊದಲು ಒಡೆಯೋದು ಅಂಗಾಲಿನ ಅಂಚು ತಾನೆ? ಹಾಗೆ.

ಚೆಂದದ ಹೂವು, ಕೇಡಿನ ಬೇರು

ಬಸ್ಸಿನ ಕಿಟಕಿಯಿಂದ ಒಂದು ಪೊದೆ ನೋಡಿರುತ್ತೀರಿ. ಗುಲಾಬಿ, ಹಳದಿ, ಕಿತ್ತಳೆ ಬಣ್ಣದ ಸಣ್ಣ ಹೂವಿನ ಗೊಂಚಲು, ಕಪ್ಪನೆ ಹಣ್ಣು, ಮುಟ್ಟಿದರೆ ತರಚುವ ಕಡ್ಡಿ. ಅದೇ ಲಂಟಾನ. ಅದರ ತವರು ಅಮೆರಿಕ ಖಂಡದ ಬಿಸಿಲು ನಾಡು. ಇನ್ನೂರು ವರ್ಷಗಳ ಹಿಂದೆ ಬ್ರಿಟಿಷರ ಕಾಲದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂತು. ಬಂದ ನೆಂಟ ಮನೆಯನ್ನೇ ನುಂಗಿದ. ನಮ್ಮ ದೇಶದ ಹುಲಿ ಕಾಡುಗಳಲ್ಲಿ ನೂರಕ್ಕೆ 40 ಪಾಲಿಗೂ ಹೆಚ್ಚು ಜಾಗಕ್ಕೆ ಇದು ಕಾಲಿಟ್ಟಿದೆ ಅಂತ 2020ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು.

ಇದರಿಂದ ಆಗುವ ಕೇಡೇನು? ಪೊದೆಯ ಕೆಳಗೆ ಬಿಸಿಲು ಬೀಳೋದಿಲ್ಲ, ಹುಲ್ಲು ಬರೋದಿಲ್ಲ. ನೆಲ್ಲಿ, ಬಿಲ್ವ, ಹೊನ್ನೆಯ ಬೀಜ ಬಿದ್ದರೂ ಸಸಿ ಏಳೋದಿಲ್ಲ. ಎಲೆ ತಿಂದ ದನಕ್ಕೆ ಪಿತ್ತಜನಕಾಂಗ ಕೆಟ್ಟು ಕಾಮಾಲೆ ಬರುತ್ತೆ. ಬೇಸಿಗೆಯಲ್ಲಿ ಒಣಗಿ ನಿಂತ ಲಂಟಾನಕ್ಕೆ ಒಂದು ಬೀಡಿಯ ಕಿಡಿ ಬಿದ್ದರೂ ಸಾಕು, ನೆಲದ ಬೆಂಕಿ ಮರದ ತಲೆಗೆ ಏರುತ್ತೆ. ಬೆಂಕಿಯಲ್ಲಿ ಊರ ಸಸಿಗಳು ಸಾಯುತ್ತವೆ, ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತೆ.

ಬಂಧುಗಳೇ, ನಮ್ಮ ಮನಸ್ಸಿನ ಕಥೆಯೂ ಇದೇ ಅಲ್ಲವೇ? ಒಂದು ಚಟ, ಒಂದು ಹಗೆ, ಮೊದಲು ಬರುವಾಗ ಹೂವಿನ ಹಾಗೆ ಬರುತ್ತೆ. ಬೇರು ಬಿಟ್ಟ ಮೇಲೆ ಕೆಳಗೆ ಏನನ್ನೂ ಬೆಳೆಯೋಕೆ ಬಿಡೋದಿಲ್ಲ. ಮೇಲೆ ಮೇಲೆ ಸವರಿದರೆ ಇಮ್ಮಡಿ ಚಿಗುರುತ್ತೆ.

ನನ್ನದೇ ಒಂದು ತಪ್ಪು

ಉಪದೇಶ ಮಾಡೋದು ಸುಲಭ. ಅದಕ್ಕೇ ನನ್ನ ತಪ್ಪನ್ನು ಮೊದಲು ಹೇಳಿಕೊಳ್ತೀನಿ. ಕೆಲವು ವರ್ಷಗಳ ಹಿಂದೆ ಕಾಡಂಚಿನ ಒಂದು ಊರಲ್ಲಿ ನಾವು ಭಕ್ತರೆಲ್ಲ ಸೇರಿ ಸಸಿ ನೆಟ್ಟೆವು. ಊರಿಗೆ ಸೇರಿದ ಗೋಮಾಳ, ಅದರಾಚೆಗೆ ಕಾಡು. ಶಾಮಿಯಾನ ಹಾಕಿಸಿದೆವು, ಮೈಕು ಕಟ್ಟಿಸಿದೆವು, ಭಾಷಣ ಮಾಡಿದೆವು. ನಾನೂ ಸಾಕಷ್ಟು ಮಾತಾಡಿದೆ. ಗುಂಡಿಗೊಂದು ಸಸಿ, ಸಸಿಗೊಂದು ಹೆಸರಿನ ತಗಡು. ಫೋಟೋ ತೆಗೆಸಿಕೊಂಡು, ಅನ್ನಸಂತರ್ಪಣೆ ಮುಗಿಸಿ, ಪುಣ್ಯ ಬಂತು ಅಂತ ಮನೆಗೆ ಹೋದೆವು.

ಮಾರನೇ ವರ್ಷ ಅದೇ ದಾರಿಯಲ್ಲಿ ಬಂದಾಗ ನೋಡಿದರೆ ತಗಡುಗಳು ನಿಂತಿದ್ದವು, ಸಸಿಗಳು ಇರಲಿಲ್ಲ. ಕೆಲವನ್ನು ಆಡು ತಿಂದಿತ್ತು, ಕೆಲವು ನೀರಿಲ್ಲದೆ ಒಣಗಿದ್ದವು, ಮಿಕ್ಕ ಜಾಗವನ್ನು ಲಂಟಾನ ಮುಚ್ಚಿತ್ತು. ಒಂದೇ ಒಂದು ನೆಲ್ಲಿ ಸಸಿ ಮಾತ್ರ ಮೊಣಕಾಲೆತ್ತರಕ್ಕೆ ಬಂದಿತ್ತು. ಸುತ್ತ ಮುಳ್ಳು ಕಟ್ಟಿದ್ದರು, ಬುಡದಲ್ಲಿ ತರಗು ಹಾಸಿದ್ದರು. ಯಾರು ಸಾಕಿದ್ದು ಅಂತ ಕೇಳಿದೆ. ಒಬ್ಬ ಸೋಲಿಗರ ಅಜ್ಜಿ, ಸೌದೆಗೆ ಬಂದಾಗೆಲ್ಲ ಒಂದು ತಂಬಿಗೆ ನೀರು ಹಾಕಿದ್ದಳು. ಅವಳು ನನ್ನ ಮುಖ ನೋಡಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. “ನೆಟ್ಬುಟ್ಟು ಹೊಂಟೋದ್ರಿ ಬುದ್ದಿ. ಹೆತ್ಬುಟ್ಟು ಹೊಂಟೋದ್ರ ಕೂಸು ಉಳ್ದದಾ?”

ಅವತ್ತು ನನಗೆ ನಾಚಿಕೆಯಾಯಿತು. ನಾನು ಮಾಡಿದ್ದು ಸೇವೆಯಲ್ಲ, ಮೆರವಣಿಗೆ. ಅಷ್ಟೇ ಅಲ್ಲ, ಅಂಗಳ ಗುಡಿಸದೆ ರಂಗೋಲಿ ಬಿಟ್ಟಿದ್ದೆ. ರಜ ಹೊಡೆಯದೆ ಪೂಜೆಗೆ ಕೂತಿದ್ದೆ.

ಬುಡ ಹಿಡಿದು ಮಾಡುವ ಕೆಲಸ

ಆಮೇಲೆ ಆ ಜಾಗದಲ್ಲಿ ಭಾಷಣ ನಡೆಯಲಿಲ್ಲ. ಊರವರು, ಸೋಲಿಗರು, ದನ ಕಾಯುವವರು ಕೂತು ಮಾತಾಡಿದರು. ನಾವು ಭಕ್ತರು ಅವರ ಹಿಂದೆ ನಿಂತೆವು. ಕೆಲಸ ಹೇಗೆ ನಡೆಯಿತು ಅಂತ ಬಿಡಿಸಿ ಹೇಳ್ತೀನಿ. ನಿಮ್ಮ ಊರಲ್ಲೂ ಬೇಕಾಗಬಹುದು.

ಲಂಟಾನವನ್ನು ಮೇಲೆ ಕಡಿಯಬಾರದು. ಬೆಂಕಿ ಇಡಬಾರದು. ಬುಡದ ಮಣ್ಣು ಬಿಡಿಸಿ, ಚಿಗುರೊಡೆಯುವ ಗಂಟಿನ ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗು ಮಾಡಿ ಇಡಬೇಕು. ಬೇರು ಆಕಾಶ ನೋಡಿದರೆ ಮತ್ತೆ ಚಿಗುರೋದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಅವರು ಈ ಕ್ರಮವನ್ನು ಬಳಕೆಗೆ ತಂದರು. ಹಣ್ಣು ಕಟ್ಟುವ ಮೊದಲೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಕಿತ್ತ ಕೈಯೇ ಬೀಜ ಬಿತ್ತಿದ ಹಾಗೆ.

ಕಿತ್ತ ಮೇಲೆ ನೆಲ ಬರಿದಾಗಿರುತ್ತೆ. ಬರಿ ನೆಲ ಬಿಟ್ಟರೆ ಮತ್ತೆ ಕಳೆ ಬರುತ್ತೆ. ಅದಕ್ಕೇ ಮೊದಲು ಮರವಲ್ಲ, ಹುಲ್ಲು. ಅದೇ ಸೀಮೆಯ ಹುಲ್ಲಿನ ಬೀಜ ತಂದು ಮೊದಲ ಮಳೆಗೆ ಎರಚಿದರು. ಹುಲ್ಲು ಮಣ್ಣು ಹಿಡಿದ ಮೇಲೆ ನೆಲ್ಲಿ, ಬಿಲ್ವ, ತಾರೆ, ಹೊನ್ನೆ, ಬಿದಿರು. ಎಲ್ಲವೂ ಈ ಮಲೆಯವೇ. ನರ್ಸರಿಯಲ್ಲಿ ಚೆಂದ ಕಾಣುತ್ತೆ ಅಂತ ಪರದೇಶದ ಗಿಡ ತರಲಿಲ್ಲ. ಲಂಟಾನವೂ ಚೆಂದ ಕಾಣುತ್ತೆ ಅಂತಲೇ ಬಂದದ್ದು ತಾನೆ?

ಎಲ್ಲಕ್ಕಿಂತ ಕಷ್ಟದ್ದು ಮುಂದಿನದು. ಹಕ್ಕಿಗಳು ಲಂಟಾನದ ಹಣ್ಣು ತಿಂದು ಬಂದು ಮರದ ಮೇಲೆ ಕೂತು ಬೀಜ ಉದುರಿಸುತ್ತವೆ. ಆದ್ದರಿಂದ ಪ್ರತಿ ಮಳೆಗಾಲವೂ ಮರಗಳ ಕೆಳಗೆ ಹೋಗಿ ಎಳೆ ಸಸಿಗಳನ್ನು ಕೈಯಲ್ಲಿ ಕೀಳಬೇಕು. ಒಂದು ವರ್ಷ ಬಿಟ್ಟರೆ ಹಿಂದಿನ ವರ್ಷದ ಬೆವರು ವ್ಯರ್ಥ. ಗುಡಿಯ ಅಂಗಳವನ್ನು ಒಂದು ಸಲ ಗುಡಿಸಿ ಬಿಡ್ತೀವಾ? ದಿನಾ ಗುಡಿಸ್ತೀವಿ. ಹಾಗೇ ಇದು.

ಕಾಡೆಲ್ಲ ಗುಣವಾಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಅದು ಸಣ್ಣ ಜಾಗ. ಒಂದು ವರ್ಷ ಮಳೆ ಕೈಕೊಟ್ಟು ಅರ್ಧ ಸಸಿ ಹೋದವು. ಆದರೆ ಹುಲ್ಲು ನಿಂತಿದೆ. ಸರದಿ ಹಾಕಿಕೊಂಡು ಹುಲ್ಲು ಕೊಯ್ದು ಮನೆಯ ದನಕ್ಕೆ ಹಾಕ್ತಾರೆ. ಮುಂಜಾನೆ ಜಿಂಕೆ ಹೆಜ್ಜೆ ಕಾಣುತ್ತೆ. ಅಜ್ಜಿಯ ನೆಲ್ಲಿ ಮರ ಈಗ ಆಳೆತ್ತರ ದಾಟಿದೆ.

ಸಂಕಮ್ಮನ ಮಕ್ಕಳು

ಈ ಕೆಲಸದಲ್ಲಿ ಸೋಲಿಗರೇ ಗುರುಗಳು. ಅದರಲ್ಲಿ ಆಶ್ಚರ್ಯವಿಲ್ಲ. ಮಾದಪ್ಪನ ಕಥೆಯಲ್ಲಿ ಸೋಲಿಗರ ಸಂಕಮ್ಮ ಬರ್ತಾಳಲ್ಲ? ಗಂಡ ನೀಲೇಗೌಡ ಜೇನಿಗೆಂದು ಕಾಡಿಗೆ ಹೋಗಿ, ಅವಳು ಒಬ್ಬಳೇ ನರಳುವಾಗ ಕೈಹಿಡಿದವನು ಮಾದಪ್ಪ. ಕಾರಯ್ಯ ಬಿಲ್ಲಯ್ಯ ಎಂಬ ಮಕ್ಕಳ ಭಾಗ್ಯ ಕೊಟ್ಟವನು ಮಾದಪ್ಪ. ಅರಮನೆಯ ರಾಣಿಗಲ್ಲ, ಕಾಡಿನ ಹೆಣ್ಣುಮಗಳಿಗೆ ಸ್ವಾಮಿ ಒಲಿದ. ಅವಳ ಕುಲದವರಿಗೆ ಈ ಮಲೆಯ ಗಿಡ ಗಿಡದ ಗುಣವೂ ಗೊತ್ತು.

ಪಕ್ಕದ ಬಿಳಿಗಿರಿಯ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಹಾಕ್ತಿದ್ದರಂತೆ. ತೆಳ್ಳನೆಯ, ನೆಲ ಸವರಿ ಹೋಗುವ ಬೆಂಕಿ. ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಅನ್ನೋದು ಅವರ ಮಾತು, ವಿಜ್ಞಾನಿಗಳೂ ಅದನ್ನು ಬರೆದಿದ್ದಾರೆ. ಇದನ್ನು ಓದಿ ಯಾರೂ ಕಾಡಿಗೆ ಕಡ್ಡಿ ಗೀರಬೇಡಿ! ತಿಳಿದವರ ಕೈಯ ಬೆಂಕಿ ಬೇರೆ, ತಿಳಿಯದವರ ಕೈಯ ಬೆಂಕಿ ಬೇರೆ.

ಇದೇ ಮಲೆಯಲ್ಲಿ ಇನ್ನೊಂದು ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯವರು 2000ದ ದಶಕದಲ್ಲಿ ಇಲ್ಲಿಯ ಸೋಲಿಗರ ಜೊತೆ ಸೇರಿ ಲಂಟಾನದಿಂದ ಕುರ್ಚಿ, ಮೇಜು, ಬುಟ್ಟಿ, ಆಟಿಕೆ ಮಾಡುವ ಕಸುಬು ಶುರುಮಾಡಿದರು. ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬೇಕಾದ ಹಾಗೆ ಬಗ್ಗಿಸಿದರೆ ಬೆತ್ತದಂತೆ ಆಗುತ್ತೆ. ಬಿದಿರು ಸಿಗದೆ ಕೈ ಖಾಲಿಯಾಗಿದ್ದವರಿಗೆ ಅದು ಅನ್ನವಾಯಿತು. ಇದರಿಂದಲೇ ಕಾಡಿನ ಲಂಟಾನವೆಲ್ಲ ಮುಗಿದು ಹೋಗೋದಿಲ್ಲ, ಅದು ನಿಜ. ಆದರೂ ವಿಷದ ಗಿಡದಿಂದ ತುತ್ತು ತೆಗೆದರಲ್ಲ, ಕಾಯಕ ಅಂದರೆ ಇದೇ ಅಲ್ಲವೇ?

ಬದರಿಯ ಯಾತ್ರಿಕರು ಕಲಿಸಿದ ಪಾಠ

“ನಾವು ದೂರದ ಊರಿನವರು, ಒಂದು ದಿನಕ್ಕೆ ಬಂದು ಹೋಗುವವರು, ನಮ್ಮಿಂದೇನಾಗುತ್ತೆ?” ಅಂತ ನೀವು ಕೇಳಬಹುದು. ಅದಕ್ಕೆ ಇನ್ನೊಂದು ಬೆಟ್ಟದ ಕ್ಷೇತ್ರದ ನಿದರ್ಶನ ಕೊಡ್ತೀನಿ.

ಹಿಮಾಲಯದಲ್ಲಿ ಅಲಕನಂದೆಯ ದಡದಲ್ಲಿ ಬದರಿನಾಥ ಇದೆ. ಹೂಗಳ ಕಣಿವೆಯ ರಾಷ್ಟ್ರೀಯ ಉದ್ಯಾನವೂ ಅದೇ ಸೀಮೆಯಲ್ಲಿದೆ. ಬದರಿ ಅಂದರೆ ಎಲಚಿ. ತಪಸ್ಸಿಗೆ ಕೂತ ನಾರಾಯಣನಿಗೆ ನೆರಳಾಗಲು ಲಕ್ಷ್ಮೀದೇವಿಯೇ ಬದರಿ ಮರವಾಗಿ ನಿಂತಳು ಅಂತ ಪುರಾಣ. ಆದರೆ ಮರದ ಹೆಸರಿನ ಆ ಕ್ಷೇತ್ರದ ಸುತ್ತ ಮರವೇ ಇಲ್ಲದಂತಾಗಿತ್ತು. 1993ರಲ್ಲಿ ಗೋವಿಂದ ವಲ್ಲಭ ಪಂತ್ ಸಂಸ್ಥೆಯ ವಿಜ್ಞಾನಿಗಳು ದೇವಾಲಯದ ಪ್ರಧಾನ ಅರ್ಚಕರಾದ ರಾವಲರ ಹತ್ತಿರ ಹೋದರು. ರಾವಲರು ಸಸಿಗಳಿಗೆ ಪೂಜೆ ಮಾಡಿ, ಪ್ರಸಾದದಂತೆ ಭಕ್ತರ ಕೈಗೆ ಕೊಟ್ಟರು. ಯಾತ್ರಿಕರು, ಊರವರು, ಸಾಧುಗಳು, ಸೈನಿಕರು ಎಲ್ಲರೂ ಸೇರಿ ನೆಟ್ಟರು. ಆ ಎತ್ತರದ ಚಳಿಯಲ್ಲಿ, ಹಿಮದಲ್ಲಿ ಸಸಿ ಉಳಿಸೋದು ನೆಡೋದಕ್ಕಿಂತ ಎಷ್ಟೋ ಕಷ್ಟ. ಹಾಗಂತ ಅವರು ಕೈಬಿಡಲಿಲ್ಲ, ಬದರೀವನವನ್ನು ಮತ್ತೆ ಎಬ್ಬಿಸುವ ಕೆಲಸಕ್ಕೆ ಕೈಹಾಕಿದರು.

ಆಕಾಶದಿಂದ ಧುಮುಕಿದ ಗಂಗೆಯನ್ನು ಶಿವ ಜಟೆಯಲ್ಲಿ ಹಿಡಿದ ಕಥೆ ಮಕ್ಕಳಿಗೂ ಗೊತ್ತು. ಆ ಜಟೆ ಯಾವುದು? ಬೆಟ್ಟದ ಮೇಲಿನ ಕಾಡೇ ಶಿವನ ಜಟೆ. ಅದನ್ನು ಬೋಳಿಸಿದರೆ ಗಂಗೆಯನ್ನು ಹಿಡಿಯುವವರು ಯಾರು? ಬದರಿಯಲ್ಲಾದರೂ ಅಷ್ಟೆ, ಹಾಲಹಳ್ಳದಲ್ಲಾದರೂ ಅಷ್ಟೆ.

ಸ್ವಾಮಿಯ ವಾಹನ

ಕೊನೆಗೆ ಒಂದು ನೋವಿನ ಮಾತು. ಮಾದಪ್ಪನ ವಾಹನ ಹುಲಿ. ನಿಮ್ಮ ಮನೆಯ ಫೋಟೋದಲ್ಲೂ ಸ್ವಾಮಿ ಹುಲಿಯ ಮೇಲೇ ಕೂತಿದ್ದಾನೆ. 2025ರ ಜೂನ್ 26ರಂದು ಈ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಒಟ್ಟಿಗೆ ಸತ್ತು ಬಿದ್ದಿದ್ದವು. ಹಸುವಿನ ಹೆಣಕ್ಕೆ ಹಾಕಿದ ವಿಷ ತಿಂದು ಐದು ಜೀವ ಹೋದವು. ಆ ಸುದ್ದಿ ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ.

ವಿಷ ಹಾಕಿದ್ದು ಮಹಾಪಾಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸು ಕಳಕೊಂಡ ಮನೆಯ ಹೊಟ್ಟೆಯುರಿಯೂ ಸುಳ್ಳಲ್ಲ. ಆ ಒಂದು ಘಟನೆಗೆ ಇಂಥದ್ದೇ ಕಾರಣ ಅಂತ ನಾನು ಹೇಳೋದಿಲ್ಲ. ಆದರೆ ಸರಪಳಿ ನೋಡಿ. ಅಂಚಿನಲ್ಲಿ ಹುಲ್ಲು ಹೋದರೆ ದನ ಮೇವಿಗಾಗಿ ಒಳಕಾಡಿಗೆ ಹೋಗುತ್ತೆ. ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲೋದಿಲ್ಲ. ಜಿಂಕೆ ಸಿಗದ ಹುಲಿ ದನ ಹಿಡಿಯುತ್ತೆ. ದನ ಹೋದವನ ಎದೆಯಲ್ಲಿ ಹಗೆ ಹುಟ್ಟುತ್ತೆ. ಹಗೆ ವಿಷದ ಬಾಟಲಿ ತೆರೆಯುತ್ತೆ. ಅಂಚಿನ ಒಂದು ಗೋಮಾಳದಲ್ಲಿ ಹುಲ್ಲು ಮತ್ತೆ ಬಂದರೆ ಈ ಸರಪಳಿಯ ಒಂದು ಕೊಂಡಿ ಕಳಚುತ್ತೆ. ಲಂಟಾನ ಕೀಳುವವನು ಕಳೆ ಮಾತ್ರ ಕೀಳ್ತಿಲ್ಲ ಬಂಧುಗಳೇ, ಹಗೆಯ ಬೇರನ್ನೂ ಕೀಳ್ತಿದ್ದಾನೆ. ಸ್ವಾಮಿಯ ವಾಹನಕ್ಕೂ ದಾರಿ ಮಾಡ್ತಿದ್ದಾನೆ, ಬಡವನ ಕೊಟ್ಟಿಗೆಯನ್ನೂ ಕಾಯ್ತಿದ್ದಾನೆ.

ನೀವು ಹೊರುವ ಹರಕೆ

ಇವತ್ತು ಬೆಟ್ಟ ಇಳಿಯುವ ಮೊದಲು ಒಂದು ಹರಕೆ ಹೊತ್ತುಕೊಳ್ಳಿ. ಕಾಸು ಬೇಡ, ಕಾಣಿಕೆ ಬೇಡ.

ತಂದ ಪ್ಲಾಸ್ಟಿಕ್ಕನ್ನು ವಾಪಸ್ ತಗೊಂಡು ಹೋಗಿ. ಬುತ್ತಿ ಬಿಚ್ಚಿದ ಕವರಿನಲ್ಲಿ ಉಪ್ಪಿನ ವಾಸನೆ ಇರುತ್ತೆ, ಜಿಂಕೆ, ಆನೆ, ದನ ಅದನ್ನು ನುಂಗಿ ನರಳುತ್ತವೆ. ಮಿಂದ ಬಟ್ಟೆಯನ್ನು ತೀರ್ಥದಲ್ಲಿ ಬಿಡಬೇಡಿ. ಪಾಪ ಬಟ್ಟೆಯಲ್ಲಿ ಅಂಟಿಕೊಂಡಿರೋದಿಲ್ಲ, ನೀರು ಮಾತ್ರ ಕೊಳೆಯುತ್ತೆ. ಕಾಡಿನ ದಾರಿಯಲ್ಲಿ ಬೀಡಿ, ಕರ್ಪೂರ, ಒಲೆ ಹಚ್ಚಬೇಡಿ. ಪುಣ್ಯ ಬರುತ್ತೆ ಅಂತ ಕಂಡ ಕಂಡ ಬೀಜವನ್ನು ಕಾಡಿಗೆ ಎರಚಬೇಡಿ. ವನ್ಯಧಾಮದ ಒಳಗೆ ಏನು ಮಾಡಬೇಕಾದರೂ ಅರಣ್ಯದವರ ಒಪ್ಪಿಗೆ ಬೇಕು.

ಮತ್ತೆ ನಿಮ್ಮ ಊರಿಗೆ ಹೋದಾಗ ಊರಂಚಿನ ಗುಂಡುತೋಪು, ಗೋಮಾಳ, ಕೆರೆ ಏರಿ ಯಾವುದಾದರೂ ಒಂದು ಕೆಟ್ಟ ಜಾಗವನ್ನು ಹಿಡಿದುಕೊಳ್ಳಿ. ನಾಲ್ಕು ಮನೆಯವರು ಸೇರಿ ಮೊದಲು ಗುಡಿಸಿ. ಆಮೇಲೆ ನೆಡಿ. ಆಮೇಲೆ ಸಾಕಿ. ಹತ್ತು ಸಸಿ ನೆಟ್ಟು ಮರೆಯೋದಕ್ಕಿಂತ ಒಂದನ್ನು ಸಾಕೋದು ದೊಡ್ಡ ಸೇವೆ. ಮುಂದಿನ ಸಲ ಬೆಟ್ಟಕ್ಕೆ ಬಂದಾಗ ಸ್ವಾಮಿಯ ಮುಂದೆ ನಿಂತು, “ಮಾದಪ್ಪ, ನೀನು ಕೊಟ್ಟ ಕೂಸು ಉಳಿದದೆ” ಅಂತ ಹೇಳುವ ಹಾಗಿರಬೇಕು. ಅದಕ್ಕಿಂತ ದೊಡ್ಡ ಕಾಣಿಕೆ ಇನ್ನೇನಿದೆ?

ಹಾಲಹಳ್ಳ ಬತ್ತದಿರಲಿ. ಹೆಣ್ಣುಮಕ್ಕಳ ಕಳಸ ತುಂಬಿರಲಿ. ಹುಲಿಯ ಹೆಜ್ಜೆ ಮಲೆಯಲ್ಲಿ ಉಳಿಯಲಿ, ಹಸುವಿನ ಕೊಟ್ಟಿಗೆಯಲ್ಲಿ ಹಾಲು ಉಕ್ಕಲಿ. ನಿಮ್ಮ ಮನೆ ತಣ್ಣಗಿರಲಿ. ಜಾಗ್ರತೆಯಾಗಿ ಬೆಟ್ಟ ಇಳಿಯಿರಿ.

ಉಘೇ ಉಘೇ ಮಾದಪ್ಪ!

ಮಂಗಳಂ.